ಸಾಹೇಬರು ಹೇಳದೇ ಹೋದದ್ದು

ನಮ್ಮ ಸಾಹೇಬರ ಬಲಹುಬ್ಬು ಪೂರ್ತಿ ಬೆಳ್ಳಗಾಗಿತ್ತು. ಎಡದ್ದು ಮಾತ್ರ ಕಾಡಿಗೆ ಹಚ್ಚಿದಷ್ಟು ಕಪ್ಪು. ಎದುರಿಗೆ ಕೂತವರು ಸುಳ್ಳು ಹೇಳಿದರೆ ಆ ಬಿಳಿ ಹುಬ್ಬು ತಾನಾಗಿ ಮೇಲೇರುತ್ತಿತ್ತು. ನಿಪ್ಪಾಣಿಯ ದೊಡ್ಡ ದೊಡ್ಡ ತಂಬಾಕು ವ್ಯಾಪಾರಿಗಳೂ ಅದನ್ನು ಕಂಡು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಕಬ್ಬೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನನ್ನು ತಮ್ಮ ಲೆಕ್ಕಪರಿಶೋಧನೆಯ ಕಚೇರಿಗೆ ಸೇರಿಸಿಕೊಂಡು, ಬೈದು ಓದಿಸಿ, ಸಿ.ಎ. ಪರೀಕ್ಷೆ ಪಾಸು ಮಾಡಿಸಿದವರು ಅವರು. ಚಹಾ ಮಾತ್ರ ತಾವೇ ಮಾಡಬೇಕು. ನಾನು ಮಾಡಿದ್ದಕ್ಕೆ, "ಇದು ಚಾ ಅಲ್ಲವ್ವಾ, ಬೋಗಾಣಿ ತೊಳದ ನೀರು" ಎನ್ನುತ್ತಿದ್ದರು.

ನಮ್ಮ ಕಡೆ ಒಂದು ರೂಢಿಯಿತ್ತು. ವ್ಯಾಪಾರಿಗಳು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ, ಪುಸ್ತಕವನ್ನೇ ಸಾಹೇಬರ ಕಪಾಟಿನಲ್ಲಿಟ್ಟು ಹೋಗುತ್ತಿದ್ದರು. ತೆರಿಗೆ, ಬಾಡಿಗೆ, ಹಮಾಲರ ಪಗಾರ ಎಲ್ಲ ಸಾಹೇಬರೇ ನೋಡಿಕೊಳ್ಳಬೇಕು. ಆಮೇಲೆ ಕಪ್ಪುಹಣ ತಡೆಯುವ ಕಾನೂನು ನಮ್ಮ ಬಾಗಿಲಿಗೂ ಬಂತು. ಬೇರೆಯವರ ಖಾತೆ ನಡೆಸುವ ಲೆಕ್ಕಪರಿಶೋಧಕ ಆ ಹಣದ ಮೂಲ ತಿಳಿದಿರಬೇಕು, ಅನುಮಾನ ಬಂದರೆ ದಿಲ್ಲಿಯ ಸರಕಾರಿ ಕಚೇರಿಗೆ ವರದಿ ಕಳಿಸಬೇಕು, ಕಳಿಸಿದ್ದನ್ನು ಖಾತೆಯವರಿಗೆ ಹೇಳಕೂಡದು. ಸಾಹೇಬರು ಪುಸ್ತಕಗಳನ್ನೆಲ್ಲ ಮರಳಿಸತೊಡಗಿದರು. ಹಲವರು ಮುನಿಸಿಕೊಂಡು ಬೇರೆ ಕಚೇರಿ ಹಿಡಿದರು.

ಸಾಹೇಬರ ಸಾಲೆಯ ಗೆಳೆಯರಾದ ತಂಬಾಕು ವ್ಯಾಪಾರಿಯೊಬ್ಬರು ಮಾತ್ರ ಪುಸ್ತಕ ಒಯ್ಯಲಿಲ್ಲ. ಅಷ್ಟರಲ್ಲಿ ಅವರ ಖಾತೆಗೆ ಎಲ್ಲಿಂದಲೋ ದೊಡ್ಡ ಮೊತ್ತಗಳು ಬಂದು ಬೀಳತೊಡಗಿದವು. ಸಾಹೇಬರು ಕರೆಸಿ ಕೇಳಿದರು.

"ನಮ್ಮ ಕಾಗವಾಡದ ಬೀಗರದ್ದ ಐತಿ, ದೋಸ್ತ. ಸ್ವಲ್ಪ ದಿನಾ ನಿಮ್ಮ ಖಾತೇದಾಗ ಇರ್ಲಿ ಅಂದ್ರು."

"ಅವ್ರಿಗೆ ಎಲ್ಲಿಂದ ಬಂತು, ಕೇಳ. ಇಲ್ಲಾಂದ್ರ ತಿರುಗಿ ಕಳಸ."

"ಬೀಗರಿಗೆ ಹಂಗ ಕೇಳಾಕ ಆಗ್ತೈತೇನ? ಮಗಳು ಆ ಮನ್ಯಾಗ ಬಾಳೆ ಮಾಡಾಕತ್ತಾಳ!"

ಎಷ್ಟು ತಿಳಿಸಿ ಹೇಳಿದರೂ ಅವರು ಜಗ್ಗಲಿಲ್ಲ. ಸಾಹೇಬರು ವರದಿ ಕಳಿಸಿದರು. ಅಂದು ಚಹಾದ ಹತ್ತಿರವೂ ಹೋಗಲಿಲ್ಲ. "ನೀನೂ ಬಾಯಿ ಬಿಡಬ್ಯಾಡವ್ವಾ. ಕಾನೂನ ಹಂಗ ಐತಿ" ಎಂದರು, ಅಷ್ಟೇ.

ರಮಜಾನ್ ಹಬ್ಬಕ್ಕೆ ಆ ಗೆಳೆಯರು ಎಂದಿನಂತೆ ಶಾವಿಗೆ ಹಾಕಿದ ಸುರಕುಂಬಾ ಕುಡಿಯಲು ಸಾಹೇಬರ ಮನೆಗೆ ಬಂದರು. ಸಾಹೇಬರು ಅವರ ಮುಖ ನೋಡದೆ ಬಡಿಸಿದರು. "ಯಾಕೋ, ಇಷ್ಟ್ಯಾಕ ಸೊರಗೀದಿ?" ಎಂದು ಗೆಳೆಯರು ಕೇಳಿದರೆ, "ಬಿಪಿ" ಎಂದರು ಸಾಹೇಬರು. ಅವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪಕ್ಕದಲ್ಲಿ ಕೂತಿದ್ದ ನಾನು ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಆ ವರ್ಷವೇ ಸಾಹೇಬರ ಎದೆಬಡಿತ ನಿಂತಿತು. ಜನಾಜಕ್ಕೆ ಮೊದಲು ಹೆಗಲು ಕೊಟ್ಟವರು ಆ ಗೆಳೆಯರೇ. ಮರುದಿನ ಕಚೇರಿಗೆ ಬಂದು ನನ್ನೆದುರು ಕೂತು ಬಿಕ್ಕಿ ಬಿಕ್ಕಿ ಅತ್ತರು.

"ನಂದು ಒಂದ್ ಮಾತ ಹೊರಗ ಹೋಗಗೊಡಲಿಲ್ಲವ್ವಾ ಆ ಮನಶ್ಯಾ. ಇನ್ನ ನನ್ನ ಕೆಲಸಾ ಎಲ್ಲಾ ನೀನ ನೋಡ. ಅವನಂಗ ಇರವ್ವಾ."

ನೀರು ಕೊಟ್ಟೆ. ದಿಲ್ಲಿಗೆ ಹೋದ ವರದಿಯ ಮಾತನ್ನು ನಾನೂ ಅವರಿಗೆ ಹೇಳುವಂತಿರಲಿಲ್ಲ. ನನ್ನನ್ನು ಕೈಹಿಡಿದು ಮೇಲೆ ತಂದ ಸಾಹೇಬರ ಮೇಲೆ ಅಂದು ಮೊದಲ ಸಲ ಸಿಟ್ಟು ಬಂತು. ತಮಗೆ ಹೊರಲಾಗದ್ದನ್ನು ಅವರು ನನ್ನ ತಲೆಯ ಮೇಲೆ ಇಟ್ಟು ಹೋಗಿದ್ದರು.