ಜಾತಕದಲ್ಲಿ ಕಾಣೆಯಾದ ಇಸವಿ

“ಹುಡ್ಗನ ಇಸವಿ ಎಂತಕ್ಕೆ ಮುಚ್ಚಿದ್ರಿ?”

ಮಂಚಿಕೇರಿಯಿಂದ ಬಂದ ಫೋನಿನ ಮೊದಲ ಮಾತೇ ಇದು. ಮಾತಾಡಿದವರು ನನ್ನ ಅಳಿಯನಿಗೆ (ಉಮ್ಮಚಗಿಯ ತಂಗಿಯ ಮಗ, ತೋಟ ನೋಡಿಕೊಂಡಿದ್ದಾನೆ) ನೋಡಿದ ಹುಡುಗಿಯ ಅಪ್ಪ.

ತೋಟದ ಹುಡುಗನಿಗೆ ಹೆಣ್ಣು ಸಿಗುವ ಕಷ್ಟವನ್ನು ನಿಮಗೆ ಹೊಸದಾಗಿ ಹೇಳಬೇಕೆ? ವರನ ವಯಸ್ಸು ಬಚ್ಚಿಡುವವರೂ ಇದ್ದಾರೆ. ಹಾಗಾಗಿ ಅವರ ಅನುಮಾನ ತಪ್ಪಲ್ಲ. ಆದರೆ ನಮ್ಮ ಹುಡುಗ ಹುಟ್ಟಿದ್ದು 2000ದಲ್ಲಿ! ಮುಚ್ಚುವುದೇನಿದೆ?

ವಾಟ್ಸಾಪಿನಲ್ಲಿ ಹೋಗಿದ್ದ ಜಾತಕದ ಫೋಟೊ ತೆರೆದೆ. ಇಸವಿಯ ಜಾಗದಲ್ಲಿ ಕೆಂಪು ಕಲೆ. ಅದರಡಿಯಲ್ಲಿ ಮಸುಕಾಗಿ ಎರಡು ಸ್ಟಾರ್.

ಶಿರಸಿಯಲ್ಲಿ ವರ್ಷಗಟ್ಟಲೆ ಪ್ರೋಗ್ರಾಮಿಂಗ್ ಕಲಿಸಿದವನು ನಾನು. ಸ್ಟಾರ್ ನೋಡಿದ್ದೇ ಅರ್ಥವಾಯಿತು. ಜಾತಕ ಮಾಡಿಕೊಟ್ಟ ಕಾನಸೂರಿನ ಜೋಯಿಸರ ಕಂಪ್ಯೂಟರಿನಲ್ಲಿರುವುದು ಓಬೀರಾಯನ ಕಾಲದ ಫೋರ್ಟ್ರಾನ್ ಭಾಷೆಯ ಪ್ರೋಗ್ರಾಮು. ಅದು ಇಸವಿಯನ್ನು 1900ರಿಂದ ಎಣಿಸುತ್ತದೆ. 1998 ಅಂದರೆ 98. ಎರಡಂಕಿಯ ಜಾಗ ಸಾಕು. 2000 ಅಂದರೆ ನೂರು, ಮೂರಂಕಿ. ಜಾಗ ಸಾಲದಿದ್ದರೆ ಫೋರ್ಟ್ರಾನ್ ಸುಳ್ಳು ಹೇಳುವುದಿಲ್ಲ, ಸ್ಟಾರ್ ಹಾಕಿ ಸುಮ್ಮನಾಗುತ್ತದೆ.

ಕೋಬಾಲ್ ಆಗಿದ್ದರೆ? ಎಡಗಡೆಯ ಒಂದನ್ನು ಸದ್ದಿಲ್ಲದೆ ಕತ್ತರಿಸಿ 00, ಅಂದರೆ 1900 ಅನ್ನುತ್ತಿತ್ತು. ಹುಡುಗ ಮುತ್ತಜ್ಜನಾಗುತ್ತಿದ್ದ. ಬೇಸಿಕ್ ಅಂಕಿಯ ಮುಂದೊಂದು ಪರ್ಸೆಂಟ್ ಚಿಹ್ನೆ ಇಟ್ಟು ಎಚ್ಚರಿಸುತ್ತಿತ್ತು. ಸಿ ಭಾಷೆಗೆ ಅಂದಚೆಂದದ ಚಿಂತೆಯಿಲ್ಲ. ಸಾಲು ಸೊಟ್ಟಗಾದರೂ ಪೂರ್ತಿ ನೂರನ್ನು ಬರೆದೇ ಬಿಡುತ್ತದೆ. (ನನಗೆ ಸಿ ಇಷ್ಟ. ಅಂಥ ಮನುಷ್ಯರ ಜೊತೆ ಏಗುವುದು ಮಾತ್ರ ಕಷ್ಟ.)

ಸರಿ, ಕೆಂಪು ಕಲೆ ಎಲ್ಲಿಂದ ಬಂತು? ತಂಗಿಗೆ ಫೋನ್ ಮಾಡಿದೆ.

“ಜಾತಕದ ಮೂಲೆಗೆಲ್ಲ ಕುಂಕುಮ ಹಚ್ತಾ ಇದ್ದಿದ್ದಿ. ಆ ಸ್ಟಾರ್ ನೋಡಿ ಹೆದರಿಕೆ ಆತು ಅಣ್ಣಾ. ಎಂತಾ ದೋಷನೋ ಹೇಳಿ ಅದರ ಮೇಲೂ ಒಂಚೂರು ಹಚ್ಚಿದಿ.”

“ಜೋಯಿಸರ ಹತ್ರ ಕೇಳಕ್ಕಾಗಿತ್ತು.”

“ಕೇಳಿ, ಅವ್ರು ಹೌದು ದೋಷ ಅಂದ್ಬಿಟ್ರೆ?”

ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಹಿಂದೆ ಕೈತಪ್ಪಿದ ಸಂಬಂಧಗಳು ಅವಳನ್ನು ಅಷ್ಟು ಹೆದರಿಸಿದ್ದವು.

ಹುಡುಗನ ಆಧಾರ್ ಕಾರ್ಡಿನ ಫೋಟೊ ಕಳಿಸಿ ಮಂಚಿಕೇರಿಗೆ ಫೋನ್ ಮಾಡಿದೆ. ಫೋರ್ಟ್ರಾನಿನಿಂದ ಸಿ ತನಕ ಎಲ್ಲ ವಿವರಿಸಿದೆ. ಹುಡುಗಿಯ ಅಪ್ಪ ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ವಯಸ್ಸಿನ ಅನುಮಾನ ಹೋಯಿತು ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಅವರ ದನಿ ಬಂತು.

“ಮಿಷನ್ನಿಗೆ ಜಾಗ ಸಾಕಾಯ್ದಿಲ್ಲೆ, ಅದು ಸರಿ. ಮೇಲೆ ಕುಂಕುಮ ಬಳಿದಿದ್ದು ಯಾವ ಲ್ಯಾಂಗ್ವೇಜು?”