ಹ್ವಾಯ್ ಅಂದರೆ ಯಾರು?

ಬೈಂದೂರಿನ ನಮ್ಮ ಲೆಕ್ಕದ ಮೇಷ್ಟ್ರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಹುಡುಗರು, ಹೆಡ್‌ಮಾಸ್ತರರು, ಹೆಂಡತಿ, ಅಂಗಳಕ್ಕೆ ನುಗ್ಗಿದ ದನ, ಎಲ್ಲರಿಗೂ ಒಂದೇ "ಹ್ವಾಯ್". ಮೇಜಿಗೆ ಬೆತ್ತ ಕುಟ್ಟಿ ಹಾಗೆಂದರೆ, ಯಾರಿಗೆಂದು ತಿಳಿಯದೆ ಇಡೀ ಕ್ಲಾಸೇ ಎದ್ದು ನಿಲ್ಲುತ್ತಿತ್ತು.

ಮುಂದೆ ನಾವು ಹಳೆಯ ವಿದ್ಯಾರ್ಥಿಗಳು ಇಮೇಲ್ ಗುಂಪು ಕಟ್ಟಿದಾಗ ಅವರನ್ನೂ ಸೇರಿಸಿಕೊಂಡೆವು. ಬ್ರಹ್ಮಾವರದ ಬ್ಯಾಂಕಿನಲ್ಲಿದ್ದ ಹೆಂಡತಿಗೆಂದು ಅವರು ಬರೆದ ಮೇಲ್ ಒಮ್ಮೆ ತಪ್ಪಿ ಗುಂಪಿಗೇ ಬಂತು: "ಹ್ವಾಯ್, ನಿನ್ನ ಕಾಣ್ದೆ ಬೇಜಾರ್ ಆತಿತ್. ಶನಿವಾರ ಬತ್ತೆ. ಬಂಗ್ಡಿ ಮೀನ್ ಸಾರ್ ಮಾಡಿ ಇಡ್."

ಇಡೀ ಕ್ಲಾಸು ಮತ್ತೆ ಎದ್ದು ನಿಂತಿತು. ಮುಂಬೈಯಿಂದ, ದುಬೈಯಿಂದ ಉತ್ತರಗಳು ಬಂದವು: "ಬನ್ನಿ ಸಾರ್, ಬಂಗ್ಡಿ ತಂದ್ ಇಡ್ತೆ. ಬೆತ್ತ ಮಾತ್ರ ತರ್ಬೇಡಿ."

ಮರುದಿನ ಸೈಬರ್ ಕೆಫೆಯಲ್ಲಿ ಸಿಕ್ಕ ಮೇಷ್ಟ್ರ ಕಿವಿ ಕೆಂಪಾಗಿತ್ತು. "ಮೇಲೆ ವಿಳಾಸದ್ ಜಾಗಕ್ಕೆ ಹೆಸ್ರ್ ಹಾಕಿದ್ರೆ ಇಷ್ಟೆಲ್ಲ ಆತಿರ್ಲಿಲ್ಲ ಸಾರ್," ಎಂದೆ.

"ಹೆಂಡ್ತಿ ಹೆಸ್ರ್ ಹೇಳುದಾ? ನಾಚ್ಕಿ ಆತಿಲ್ಯಾ ನಿಂಗೆ?" ಎಂದು ಗದರಿದರು. ಗದರುತ್ತಲೇ ಒಂದು ಬೆರಳಿನಿಂದ ಕೀಲಿಮಣೆಯಲ್ಲಿ ಅಕ್ಷರ ಹುಡುಕತೊಡಗಿದರು.

ಸಂಜೆ ಗುಂಪಿಗೆ ಹೊಸ ಮೇಲ್ ಬಂತು. ಮೊದಲ ಸಾಲಿನಲ್ಲಿ ಹೆಂಡತಿಯ ಹೆಸರು ಚಂದವಾಗಿ ಇತ್ತು. ಮುಂಬೈಯವರು, ದುಬೈಯವರು ಎಲ್ಲರೂ ಓದಿದೆವು. ಬ್ರಹ್ಮಾವರಕ್ಕೆ ಮಾತ್ರ ಅದು ಹೋಗಲೇ ಇಲ್ಲ.