ಅಕ್ಕನಿಗೆ ಕುಡಿಸಿದ ನಾಲ್ಕು ಕಚ್ಚು

ನಾನು ಚಿಕ್ಕವನಿದ್ದಾಗ ಕೆಮ್ಮಿನ ಔಷಧಿ ಒಂದು ಬಾಟಲಿಗೆ ಒಂದೂವರೆ ರೂಪಾಯಿ. ಅದು ಬರೀ ಔಷಧಿಯ ದರ. ಬಾಟಲಿ ನಾವೇ ಮನೆಯಿಂದ ತೊಳೆದು ಒಯ್ಯಬೇಕು. ಒಯ್ಯದವರಿಗೆ ನಾಲ್ಕಾಣೆ ಹೆಚ್ಚು. ಮೂಡಲಗಿಯ ದವಾಖಾನೆಯಲ್ಲಿ ಕಂಪೌಂಡರು ಕೆಂಪು ಔಷಧಿ ತುಂಬಿ, ಬಾಟಲಿಯ ಹೊರಗೆ ಉದ್ದನೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಪಟ್ಟಿಯ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕಿರುತ್ತಿದ್ದರು. ಒಂದು ಹೊತ್ತಿಗೆ ಒಂದು ಕಚ್ಚು ಇಳಿಯುವಷ್ಟೇ ಕುಡಿಯಬೇಕು.

ಆಗ ನನಗೆ ಒಂಬತ್ತು ವರ್ಷ. ಆದರೆ ಸಂತೆಯಲ್ಲಿ ನನ್ನ ಬಾಯಿಗೆ ದೊಡ್ಡವರೂ ಹೆದರುತ್ತಿದ್ದರು. ಬದನೆಕಾಯಿ ತೂಗಿದ ಮೇಲೆ ಎರಡು ಕಾಯಿ ಕೊಸರು ಹಾಕಿಸಿಕೊಳ್ಳದೆ ನಾನು ಚೀಲ ಮುಚ್ಚಿದವನಲ್ಲ. ಹೆಚ್ಚು ಸಿಕ್ಕಿದ್ದೆಲ್ಲ ಲಾಭ ಎಂದೇ ತಿಳಿದಿದ್ದೆ.

ಅದು ಕಬ್ಬು ಅರೆಯುವ ಕಾಲ. ತುಕ್ಕಾನಟ್ಟಿಯ ನಮ್ಮ ಮನೆಯವರೆಗೂ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಅಪ್ಪ, ಅವ್ವ ಇಬ್ಬರೂ ಗಾಣದ ಹತ್ತಿರ. ಕೆಮ್ಮಿ ಕೆಮ್ಮಿ ಸೋತಿದ್ದ ಅಕ್ಕನನ್ನು ನನಗೆ ಒಪ್ಪಿಸಿ, "ಮಧ್ಯಾಹ್ನ ಒಂದ ಕಚ್ಚ ಕುಡಸು" ಎಂದು ಅವ್ವ ಹೇಳಿ ಹೋಗಿದ್ದಳು. ಕುಡಿಸಿದೆ. ಕೆಮ್ಮು ನಿಲ್ಲಲಿಲ್ಲ. ಇನ್ನೊಂದು ಕುಡಿಸಿದೆ. ಸ್ವಲ್ಪ ತಡೆದು ಮತ್ತೆರಡು.

"ಎಷ್ಟ ಕಹಿ ಐತಲೇ! ಸಾಕ" ಎಂದಳು ಅಕ್ಕ.

"ಕುಡಿ ಅಕ್ಕಾ, ಲಗೂನ ಆರಾಮ ಆಗತೈತಿ" ಎಂದೆ.

ಕೆಮ್ಮು ನಿಂತಿತು. ಗೆದ್ದೆ ಎಂದುಕೊಂಡು ಅಂಗಳದಲ್ಲಿ ಗೋಲಿ ಆಡುತ್ತ ಕೂತೆ. ಒಳಗೆ ಒಂದು ಹೊರಳಾಟದ ಸದ್ದೂ ಇಲ್ಲ. ಹೋಗಿ ಅಲುಗಿಸಿದೆ. ಅವಳ ಕೈ ಒದ್ದೆ ಅರಿವೆಯ ಹಾಗೆ ಜಾರಿ ಬಿತ್ತು. ತುಟಿ ನೀಲಿಗಟ್ಟಿತ್ತು. ಒಂದು ಉಸಿರು ಬಂತು, ಆಮೇಲೆ ಬರಲಿಲ್ಲ. ನಾನೂ ಉಸಿರು ಹಿಡಿದು ಕಾದೆ. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಬಂತು. ಗಾಣದ ಕಡೆಗೆ ಓಡಿದೆ.

ಅಪ್ಪ ಚಕ್ಕಡಿಯಲ್ಲಿದ್ದ ಬೆಲ್ಲದ ಪೆಂಟಿಗಳನ್ನು ನೆಲಕ್ಕೆ ಉರುಳಿಸಿ, ಮನೆಗೆ ಬಂದು ಅಕ್ಕನನ್ನು ಮಲಗಿಸಿಕೊಂಡು ಎತ್ತುಗಳನ್ನು ಮೂಡಲಗಿಗೆ ಓಡಿಸಿದ. ದಾರಿಯುದ್ದಕ್ಕೂ ಅವಳ ಮೂಗಿನ ಕೆಳಗೆ ಬೆರಳು ಹಿಡಿದಿದ್ದೆ. ತಾಗಿದ್ದು ಉಸಿರೋ, ಬಿಸಿಗಾಳಿಯೋ, ತಿಳಿಯುತ್ತಿರಲಿಲ್ಲ.

ಡಾಕ್ಟರು ಅವಳ ರೆಪ್ಪೆ ಬಿಡಿಸಿ ಬ್ಯಾಟರಿ ಹಾಕಿ ನೋಡಿದರು. "ಎಷ್ಟ ಕುಡಸಿದಿ ತಮ್ಮಾ?"

ಬಾಟಲಿ ಮನೆಯಲ್ಲೇ ಉಳಿದಿತ್ತು. ಅಪ್ಪನ ಕೈಯಲ್ಲಿ ಇನ್ನೂ ಬಾರುಕೋಲಿತ್ತು. "ಒಂದ ಕಚ್ಚರಿ" ಎಂದೆ.

"ಖರೆ ಹೇಳು."

"ಎರಡ ಇರಬೇಕ್ರಿ."

"ಇರಬೇಕು ಅಂದ್ರ?"

"ಮೂರ್ರಿ. ಮೂರನೇದು ಪೂರಾ ಇರಲಿಲ್ರಿ."

"ಲೇ, ಇದೇನ ಸಂತಿ ಏನೋ, ಒಂದೊಂದ ಏರಸಾಕ? ನೀ ಹಿಂಗ ಚೌಕಾಸಿ ಮಾಡ್ಕೋತ ನಿಂತ್ರ ನಿಮ್ಮಕ್ಕನ ಜೀವ ಹೊಕ್ಕೈತಿ!"

ಅಕ್ಕನ ಎದೆ ಏರಿ, ಇಳಿದು, ಹಾಗೇ ನಿಂತಿತು. "ನಾಕ್ರಿ!" ಎಂದು ಚೀರಿದೆ. "ಖರೇನ ನಾಕ್ರಿ!"

ಡಾಕ್ಟರು ಅವಳ ಗದ್ದ ಎತ್ತಿ, ಮೂಗಿಗೆ ಆಕ್ಸಿಜನ್ ಹಚ್ಚಿ, ಸೂಜಿ ಮಾಡಿ, ಅಲ್ಲೇ ಕೂತರು. ಅಪ್ಪ ಹೊಡೆಯಲಿಲ್ಲ. ಗೋಡೆ ಹಿಡಿದು ಕುಸಿದು ಕೂತ. ಹೊಡೆದಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

"ಒಂದ ಕಚ್ಚಂತ ನಂಬಿದ್ರ, ಬ್ಯಾರೆ ಜಡ್ಡಂತ ತಿಳದ ಹೊತ್ತ ಕಳೀತಿದ್ದೆ" ಎಂದರು ಡಾಕ್ಟರು, ಅವಳ ನಾಡಿ ಬಿಡದೆ. "ಗಾಣಕ್ಕ ಒಮ್ಮೆಲೆ ಇಪ್ಪತ್ತ ಕಬ್ಬ ತುರಕಿದ್ರ ಏನಾಗತೈತಿ?"

"ನಿಂತ ಬಿಡತೈತ್ರಿ."

"ಹೊಟ್ಟಿಯೊಳಗ ಯಕೃತ್ತು ಅಂತ ಐತಿ. ಔಷಧ ರಕ್ತಕ್ಕ ಸೇರಿದ ಮ್ಯಾಲ ಅದನ್ನ ಮುರಿಯೂದು ಅದರ ಕೆಲಸ. ಮುರಿದದ್ದು ಉಚ್ಚಿಯೊಳಗ ಹೊರಗ ಹೊಕ್ಕೈತಿ. ಒಂದ ಕಚ್ಚ ಮುರಿಯಾಕ ತಾಸಗಟ್ಲೆ ಬೇಕು. ನೀ ಮ್ಯಾಲಿಂದ ಮ್ಯಾಲ ಹಾಕಿದಿ. ಉಳದದ್ದು ಮಿದುಳಿಗೆ ಏರಿ, ಉಸಿರಾಡೂದನ್ನ ಮರಸಾಕತ್ತೈತಿ."

ದೀಪ ಹಚ್ಚುವ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು, "ಬಾಯಿ ಕಹಿ ಆಗೇತಿ" ಎಂದಳು. ಅಪ್ಪ ಆಗ ಅತ್ತ.

ಮಕ್ಕಳೇ, ನಿಮ್ಮ ಔಷಧಿಗೆ ಈಗ ಕಿತ್ತಳೆಯ ರುಚಿ, ಅಳೆಯಲು ಪುಟ್ಟ ಮುಚ್ಚಳ. ಫೋನ್ ಮಾಡಿದರೆ ಗೋಕಾಕದಿಂದ ದವಾಖಾನೆಯ ಗಾಡಿ ಬಾಗಿಲಿಗೇ ಬರುತ್ತದೆ. ಆದರೆ ಔಷಧಿ ಸಿಹಿಯಾಯಿತೆಂದು ಯಕೃತ್ತೇನೂ ಕೆಲಸ ಜೋರು ಮಾಡುವುದಿಲ್ಲ. ದೊಡ್ಡವರು ಅಳೆದು ಕೊಟ್ಟಷ್ಟೇ, ಹೇಳಿದ ಹೊತ್ತಿಗೇ ಕುಡಿಯಿರಿ. ಗುಣ ಕಾಣದಿದ್ದರೆ ಹೋಗಿ ಕೇಳಿ, ನೀವಾಗಿಯೇ ಸುರಿದುಕೊಳ್ಳಬೇಡಿ. ಅಕಸ್ಮಾತ್ ಹೆಚ್ಚಾಯಿತೋ, ಬಾಟಲಿಯನ್ನೂ ತೆಗೆದುಕೊಂಡೇ ದವಾಖಾನೆಗೆ ಹೋಗಿ, ಎಷ್ಟು ಕುಡಿದದ್ದು ಎಂಬುದನ್ನು ಮೊದಲ ಸಲಕ್ಕೇ ಖರೆ ಹೇಳಿಬಿಡಿ. ಬೈಸಿಕೊಳ್ಳುವುದನ್ನು ಆಮೇಲೆ ನೋಡಿಕೊಂಡರಾಯಿತು.